ಅದು ಕಸಬರಗಿ ಹೌದೋ ಅಲ್ಲೋ

ನಮ್ಮ ಗೇಟಿನ ಎದುರಿಗಿರುವ ಸಾಗವಾನಿ ಮರಗಳನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದಾಂಡೇಲಿಗೆ ಹೊಳೆಯಲ್ಲಿ ತೇಲಲು ಬರುವ ಪ್ರವಾಸಿಗರು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ಆಹಾ ಓಹೋ ಎಂದು ಆ ಮರಗಳ ಫೋಟೋ ತೆಗೆದುಕೊಳ್ಳುತ್ತಾರೆ. ಅವರಿಗೇನು, ತೆಗೆದುಕೊಂಡು ಹೋಗುತ್ತಾರೆ. ಒಂದೊಂದು ಎಲೆ ಊಟದ ತಾಟಿನಷ್ಟು ಅಗಲ. ಸಂಕ್ರಾಂತಿ ಕಳೆಯಿತೆಂದರೆ ಉದುರಲು ಶುರುವಾಗಿ ಹೋಳಿ ಹುಣ್ಣಿಮೆ ದಾಟಿದರೂ ನಿಲ್ಲುವುದಿಲ್ಲ. ಮರ ಅರಣ್ಯ ಇಲಾಖೆಯದು, ಟೊಂಗೆ ಮುಟ್ಟುವ ಹಾಗಿಲ್ಲ. ಎಲೆಗಳನ್ನು ಮಾತ್ರ ಇಲಾಖೆ ನಮಗೇ ಬಿಟ್ಟಿದೆ.

ಇದರ ಮೇಲೆ ಇನ್ನೊಂದು ಶಾಣ್ಯಾತನ ನಮ್ಮ ಮನೆಯವರದು. ಗೇಟಿನಿಂದ ಪೋರ್ಚಿನವರೆಗೆ ಏರು ದಾರಿ. ಮನೆ ಕಟ್ಟಿಸುವಾಗ ಗೌಂಡಿ, "ಒರಟ ಬಿಡೂಣ್ರಿ, ಕಾಲಿಗೆ ಹಿಡಿತ ಇರತೈತಿ" ಎಂದು ಬಡಕೊಂಡರೂ ಕೇಳದೆ, ಸಿಮೆಂಟನ್ನು ಮುಖ ಕಾಣುವಷ್ಟು ನುಣುಪಾಗಿ ಹೊಡೆಸಿದರು. ಸ್ಕೂಟರ್ ಸರಾಗವಾಗಿ ಏರಬೇಕಂತೆ. ಸ್ಕೂಟರೇನೋ ಏರುತ್ತದೆ. ಚಳಿಗಾಲದ ಇಬ್ಬನಿಗೆ ಎಲೆ ತೊಯ್ದು ಆ ನುಣುಪಿನ ಮೇಲೆ ಅಂಟಿಕೊಂಡಿತೆಂದರೆ ಮನುಷ್ಯರು ಮಾತ್ರ ಇಳಿಯುವುದೇ, ಅದೂ ಕುಂಡಿಯ ಮೇಲೆ.

ಆ ದಾರಿಯನ್ನು ದಿನಾ ಗುಡಿಸುತ್ತಿದ್ದವರು ನಮ್ಮ ಅತ್ತೆ. ಎಂಬತ್ತರ ಹತ್ತಿರದ ಜೀವ. ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ, ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮ ಮಾವನವರ ಹಿಂದೆ ಇಲ್ಲಿಗೆ ಬಂದವರು. ಅವತ್ತಿನಿಂದ ಇವತ್ತಿನವರೆಗೆ ಎದ್ದ ಕೂಡಲೆ ಬಾಗಿಲ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಎಳೆದೇ ಚಹಾ. ಅದರಲ್ಲೂ ಒಂದು ಕಟ್ಟುನಿಟ್ಟು ಇತ್ತು. ಮೊದಲ ಪಾಳಿಗೆ ಮನೆಯ ಗಂಡಸು ಹೊರಟಾಗ ಕಸ ಹೊಡೆಯುವುದು ಉಳಿದಿದ್ದರೆ ಕಸಬರಗಿಯನ್ನು ಮುಟ್ಟುತ್ತಿರಲಿಲ್ಲ. ಮಿಲ್ಲಿನ ಭೋಂಗಾ ಕೂಗುವವರೆಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಭೋಂಗಾ ಆಯಿತೆಂದರೆ ಹೋದವರು ಮುಟ್ಟಿದರು ಎಂದು ಲೆಕ್ಕ. ಮನೆಯಿಂದ ಹೊರಟವರ ಬೆನ್ನ ಹಿಂದೆಯೇ ಕಸ ಹೊಡೆಯುವುದು ಸತ್ತವರನ್ನು ಹೊರಗೆ ಒಯ್ದಾಗ ಮಾತ್ರ. ಹಾಗೆ ಹೋದವರು ತಿರುಗಿ ಬರುವುದಿಲ್ಲವಲ್ಲ. ಮಾವನವರು ಇದ್ದಾಗಲೂ ಹಾಗೆಯೇ, ಈಗ ಮಗ ಅದೇ ಮಿಲ್ಲಿಗೆ ಹೋಗುವಾಗಲೂ ಹಾಗೆಯೇ.

ಹೋದ ಮಳೆಗಾಲ ಮುಗಿಯುವಾಗ ಅತ್ತೆ ಅದೇ ದಾರಿಯಲ್ಲಿ ಜಾರಿ ಕೂತು ಪಾದ ಬಾತಿತ್ತು. ಡಾಕ್ಟರು ಅತ್ತೆಯನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನು ಒಳಗೆ ಕರೆದು, ಎಲುಬು ಸವೆದಿದೆ, ಇನ್ನೊಮ್ಮೆ ಬಿದ್ದರೆ ಸೊಂಟದ ಚಪ್ಪೆಯೇ ಮುರಿಯುತ್ತದೆ, ಆಮೇಲೆ ಎದ್ದು ಓಡಾಡುವ ಖಾತ್ರಿ ತಾನು ಕೊಡಲಾರೆ ಎಂದರು. ಮನೆಗೆ ಬಂದು ಎಷ್ಟು ಹೇಳಿದೆವು! ಅತ್ತೆ ಎಲ್ಲದಕ್ಕೂ "ಹೂಂ" ಅಂದರು. ಮರುದಿನ ಇನ್ನೂ ಬೆಳಕು ಹರಿದಿರಲಿಲ್ಲ, ಹೊರಗೆ ಸರ್ ಸರ್ ಎಂದು ಸದ್ದು.

"ನಾ ಹೊಡೀತೀನಿ ಬಿಡ್ರಿ ಅತ್ತಿ" ಎಂದು ನಾನು ಕಸಬರಗಿ ಕಸಿದುಕೊಂಡೆ. ನಾನು ಹೊಡೆದು ಮುಗಿಸುವ ತನಕ ನನ್ನ ಬೆನ್ನ ಹಿಂದೆಯೇ ನಿಂತು, "ನೀ ಹೊಡದರ ಹೊಡದಂಗ ಅಲ್ಲ, ಕಸಕ್ಕ ಕಚಗುಳಿ ಇಟ್ಟಂಗ" ಅಂದರು. ಕೆಲಸಕ್ಕೆ ಒಬ್ಬಳನ್ನು ಇಟ್ಟೆವು. ಅವಳ ಹತ್ತಿರ ಜಗಳವಾಡಿ ನಾಲ್ಕನೇ ದಿನಕ್ಕೆ ಓಡಿಸಿದರು. ನಾನು ಹಲ್ಲು ಕಚ್ಚಿಕೊಂಡು ನನ್ನ ಹೊಲಿಗೆ ಮಷೀನಿನ ಮುಂದೆ ಕೂತೆ. ಮನೆಯಲ್ಲೇ ಕೂತು ಜಂಪರು ಹೊಲಿದುಕೊಡುವ ಕಸುಬು ನನ್ನದು. ಹೊಲಿಗೆ ಕೋಣೆಯ ಕಿಟಕಿ ಆ ದಾರಿಗೇ ತೆರೆದಿದೆ. ಎಲ್ಲವೂ ನನ್ನ ಕಣ್ಣ ಮುಂದೆಯೇ ಆಗಬೇಕು ಎಂದು ಹಣೆಯಲ್ಲಿ ಬರೆದಿದೆ.

ನಮ್ಮ ಮನೆಯವರ ಸ್ವಭಾವ ಹೇಗೆಂದರೆ, ಚಿಂತೆ ಹತ್ತಿದರೆ ಅವರು ಮಾತಾಡುವುದಿಲ್ಲ, ಏನನ್ನಾದರೂ ರಿಪೇರಿ ಮಾಡುತ್ತಾರೆ. ಈ ಸಲ ರಿಪೇರಿಗೆ ಸಿಕ್ಕಿದ್ದು ಅವರ ತಾಯಿ. ಫೋನಿನಲ್ಲಿ ಎಲ್ಲೆಲ್ಲಿಯದೋ ವಿಡಿಯೋ ನೋಡಲು ಹತ್ತಿದರು. ಯಾವುದೋ ದೇಶ, ಮೊಣಕಾಲು ಮುಳುಗುವಷ್ಟು ಹಿಮ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡ ಮುದುಕ ಮನೆ ಮುಂದಿನ ದಾರಿಯಲ್ಲಿ ಕರೆಂಟಿನ ಯಂತ್ರ ದೂಡುತ್ತ ಹೋಗುತ್ತಾನೆ, ಹಿಮ ಕಾರಂಜಿಯ ಹಾಗೆ ಪಕ್ಕಕ್ಕೆ ಹಾರುತ್ತದೆ. ಊಟ ಮಾಡುವಾಗಲೂ ಅದೇ.

"ನೋಡಿಲ್ಲೆ, ಅವನ ವಯಸ್ಸು ಅವ್ವನಷ್ಟ ಇರಬೇಕು. ಸೊಂಟಾ ಬಗ್ಗಸೂದ ಬ್ಯಾಡ!"

"ನಮ್ಮಲ್ಲೆ ಹಿಮಾ ಎಲ್ಲಿ ಬೀಳತೈತ್ರಿ?" ಅಂದೆ.

"ಅವರಿಗೆ ಹಿಮಾ, ನಮಗ ಸಾಗವಾನಿ ಎಲಿ. ಎರಡೂ ಮ್ಯಾಲಿಂದನ ಬೀಳತಾವು, ಎರಡೂ ಕಾಲು ಜಾರಸ್ತಾವು."

ಹಿಮ ಹಾರಿಸುವ ಯಂತ್ರ ನಮ್ಮ ಕಡೆ ಸಿಗಲಿಲ್ಲ, ಪುಣ್ಯ. ಎಲೆ ಹಾರಿಸುವ ಯಂತ್ರ ಸಿಕ್ಕಿತು. ಆನ್‌ಲೈನಿನಲ್ಲಿ ತರಿಸಿದರು. ಆನೆಯ ಸೊಂಡಿಲಿನಂಥ ಕೊಳವೆ, ಹಿಂದೆ ಮೋಟರು, ಅದಕ್ಕೆ ಗೇಣುದ್ದದ ವೈರು. ಆ ವೈರು ಗೇಟು ಮುಟ್ಟುವುದು ಹೇಗೆ ಎಂದು ಯೋಚಿಸದೆ ತರಿಸಿದ್ದರಿಂದ, ಬಜಾರಕ್ಕೆ ಹೋಗಿ ಮತ್ತೊಂದು ಉದ್ದದ ಹಳದಿ ವೈರು ತಂದು ನನ್ನ ಹೊಲಿಗೆ ಕೋಣೆಯ ಪ್ಲಗ್ಗಿಗೇ ಚುಚ್ಚಿದರು. ಮನೆಯಲ್ಲಿ ಬೇರೆ ಪ್ಲಗ್ಗು ಇಲ್ಲವೇ ಎಂದರೆ ಕಿಟಕಿ ಇರುವುದು ಅಲ್ಲಿ ಎಂದರು.

ಮೊದಲ ದಿನ ಗೇಟಿನ ಕಡೆಯಿಂದ ಶುರು ಮಾಡಿದರು. ಓಣಿಯ ನಾಯಿಗಳೆಲ್ಲ ಒಂದೇ ಸಮನೆ ಬೊಗಳಿದವು. ಎಲೆಗಳೆಲ್ಲ ಎದ್ದು, ಏರು ಹತ್ತಿ, ಪೋರ್ಚು ದಾಟಿ, ತೆರೆದ ಬಾಗಿಲಿನಿಂದ ಪಡಸಾಲೆಗೆ ಬಂದವು. ಒಂದು ಎಲೆ ದೇವರ ಕೋಣೆಯ ಹೊಸ್ತಿಲ ಮೇಲೆ ಹೋಗಿ ಕೂತಿತು. ಅತ್ತೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಹೊರಗಿನ ಕಸಾ ಒಳಗ ತಂದ ಮಗಾ ಅಂದ್ರ ನೀ ಒಬ್ಬನ ನೋಡಪಾ" ಅಂದರು.

ಎರಡನೆಯ ದಿನ ದಿಕ್ಕು ಬದಲಿಸಿದರು. ಎಲೆಯ ಜೊತೆಗೆ ಗೋಡೆ ಬದಿಯ ಧೂಳೂ ಕಂಪೌಂಡ್ ಗೋಡೆ ಹಾರಿ, ಪಕ್ಕದ ಮನೆಯ ಮೆಕ್ಯಾನಿಕ್ಕನ ಹೆಂಡತಿ ರಂಜಾನಿಗೆಂದು ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯ ಮೇಲೆ ಬಿತ್ತು. "ಭಾಭೀ, ಹೀಂಗ ಆದ್ರ ನಾವು ಈದಿಗೆ ಮಣ್ಣ ತಿನ್ನಬೇಕೇನ್ರಿ?" ಎಂದು ಅವಳು ಗೋಡೆಯ ಮೇಲಿಂದ ಕೇಳಿದಾಗ ನಾನು ಭೂಮಿಗಿಳಿದು ಹೋದೆ. ಅವಳ ಶಾವಿಗೆಗೆ ನಾನು ಹೊಸ ರವೆ ಕೊಟ್ಟು, ಅವಳ ಎರಡು ಜಂಪರನ್ನು ಪುಕ್ಕಟೆ ಹೊಲಿದುಕೊಟ್ಟು ಸುಧಾರಿಸಬೇಕಾಯಿತು.

ಮೂರನೆಯ ದಿನದ ಕಷ್ಟ ಬೇರೆ. ತೊಯ್ದ ಎಲೆ ಹಾರುವುದಿಲ್ಲ! ನೆಲಕ್ಕೆ ಅಂಟಿಕೊಂಡು, ತುದಿಯನ್ನಷ್ಟೇ ಪಟಪಟ ಬಡಿಯುತ್ತ ಬಿದ್ದಿರುತ್ತದೆ. ಇವರು ಒಂದೇ ಎಲೆಯ ಮೇಲೆ ಕೊಳವೆ ಹಿಡಿದು, ಸುತ್ತ ತಿರುಗಿ, ಅದಕ್ಕೆ ಬೈದು, ಬೆವರಿದರು. ಬಗ್ಗಿ ಕೈಯಿಂದ ಎತ್ತಿ ಒಗೆಯಿರಿ ಎಂದು ನಾನು ಕಿಟಕಿಯಿಂದ ಕೂಗಿದ್ದು ಯಂತ್ರದ ಗದ್ದಲದಲ್ಲಿ ಕೇಳಲಿಲ್ಲ. ಕೇಳಿದ್ದರೂ ಬಗ್ಗುತ್ತಿರಲಿಲ್ಲ. ಬಗ್ಗಬಾರದೆಂದೇ ತಂದ ಯಂತ್ರವಲ್ಲವೇ. ಅಷ್ಟರಲ್ಲಿ ಲೋಡು ತಾಳದೆ ಮೇನ್ ಸ್ವಿಚ್ಚು ಬಿತ್ತು. ನನ್ನ ಮಷೀನು ಅರ್ಧ ತೋಳಿನಲ್ಲಿ ನಿಂತಿತು.

ಇದನ್ನೆಲ್ಲ ಸಹಿಸಬಹುದಿತ್ತು, ಅತ್ತೆ ಕಸಬರಗಿ ಬಿಟ್ಟಿದ್ದರೆ. ಎಲ್ಲಿ ಬಿಟ್ಟರು? ಮಗ ಬೆಳಿಗ್ಗೆ ಯಂತ್ರ ಬಂದ್ ಮಾಡಿ ಹಣೆ ಒರೆಸಿಕೊಳ್ಳುತ್ತಿದ್ದ ಹಾಗೆಯೇ ಬಾಗಿಲ ಹಿಂದಿನಿಂದ ಕಸಬರಗಿ ತೆಗೆದುಕೊಂಡು ಹೊರಗೆ ಬರುತ್ತಿದ್ದರು.

"ಅವ್ವಾ, ಆತಲ್ಲ, ಎಲ್ಲಾ ಸ್ವಚ್ಛ ಆತು!"

"ನೀ ಹೊಡದದ್ದು ಗಾಳಿ. ಕಸಾ ಹೊಡದದ್ದಲ್ಲ. ಕಸಬರಗಿ ಮುಟ್ಟದ ಬಾಗಲ ಮುಂದ ನಾ ನೀರ ಹಾಕೂದಿಲ್ಲ, ರಂಗೋಲಿನೂ ಹಾಕೂದಿಲ್ಲ."

ಸರಿ, ಬೆಳಿಗ್ಗೆ ಅದು ಕಸಬರಗಿ ಅಲ್ಲ. ನಮ್ಮ ಮನೆಯವರು ಯೋಚಿಸಿ, ಸಂಜೆ ಎಲೆ ಒಣಗಿ ಹಗುರಾಗಿರುತ್ತದೆ, ಸಂಜೆಯೇ ಎಲ್ಲ ಹಾರಿಸಿಬಿಟ್ಟರೆ ಬೆಳಿಗ್ಗೆ ಅವ್ವನಿಗೆ ಹೊಡೆಯಲು ಏನೂ ಉಳಿಯುವುದಿಲ್ಲ ಎಂದು ಉಪಾಯ ಹೂಡಿದರು. ಒಳ್ಳೆಯ ಉಪಾಯವೇ. ಪಾಳಿ ಮುಗಿಸಿ ಬಂದು, ಚಹಾ ಕುಡಿದು, ಯಂತ್ರ ಎತ್ತಿಕೊಂಡರು. ಅತ್ತೆ ತುಳಸಿಯ ಮುಂದೆ ಆಗತಾನೇ ದೀಪ ಹಚ್ಚಿದ್ದರು.

"ಏ, ನಿಂದರಸು ಅದನ್ನ! ದೀಪಾ ಹಚ್ಚಿದ ಮ್ಯಾಲೆ ಕಸಾ ಹೊಡಿತಾರೇನು? ಲಕ್ಷ್ಮಿ ಹೊರಬೀಳ್ತಾಳ."

"ಅವ್ವಾ, ಮುಂಜಾನೆ ಇದು ಕಸಬರಗಿ ಅಲ್ಲಂತ ನೀನ ಅಂದಿ!"

"ಮುಂಜಾನೆ ಅಲ್ಲ. ಸಂಜಿಮುಂದ ಹೌದು."

ಇಂಥ ಕಾಯಿದೆಯ ಮುಂದೆ ಯಾವ ವಕೀಲ ನಿಂತಾನು? ನನಗೆ ನಗುವೂ ಬರಲಿಲ್ಲ, ತಲೆ ಸಿಡಿಯಿತು. ಒಂದು ದಿನ ಇವರು ತಮಾಷೆಗೆ, "ಹಂಗಾರ ಇದನ್ನೂ ನಿನ್ನ ಕಸಬರಗಿಹಂಗ ಬಾಗಲ ಹಿಂದ ಮಲಗಿಸಿ ಇಡ್ಲೇನು?" ಎಂದು ಕೇಳಿದರು. ನಮ್ಮಲ್ಲಿ ಕಸಬರಗಿಯನ್ನು ನಿಲ್ಲಿಸಿ ಇಡುವುದಿಲ್ಲ, ಬಂದವರ ಕಣ್ಣಿಗೆ ಬೀಳದ ಹಾಗೆ ಮಲಗಿಸುತ್ತಾರೆ, ಕಾಲು ತಾಗಿದರೆ ಕೈಮುಗಿಯುತ್ತಾರೆ. ಅತ್ತೆ ಮುಖ ತಿರುಗಿಸಿ, "ಆ ಸುಡಗಾಡಕ್ಕ ಯಾಕ ಅಷ್ಟ ಮರ್ಯಾದಿ" ಅಂದರು. ಯಂತ್ರ ಪೋರ್ಚಿನ ಮೊಳೆಗೇ ತೂಗಾಡುತ್ತ ಉಳಿಯಿತು.

ಹೀಗೇ ನಡೆದಿರುವಾಗ ಒಂದು ದಿನ ನಮ್ಮ ಮನೆಯವರಿಗೆ ಎರಡನೆಯ ಪಾಳಿ. ಹೊತ್ತೇರಿದ ಮೇಲೆ ನಿಧಾನಕ್ಕೆ ಯಂತ್ರ ಹಚ್ಚಿದ್ದರು. ದಾರಿ ಅರ್ಧ ಆಗಿತ್ತು, ಮತ್ತೆ ಮೇನ್ ಸ್ವಿಚ್ಚು ಬಿತ್ತು. ನನ್ನ ಮಷೀನು ನಿಂತು ಸೂಜಿ ಮುರಿಯಿತು. ನಾನು ಕೂತಲ್ಲಿಂದಲೇ ಕೂಗಾಡಿದೆ. ಇವರು ಯಂತ್ರವನ್ನು ಅಲ್ಲೇ ನೆಲಕ್ಕಿಟ್ಟು ಸ್ವಿಚ್ಚು ಎತ್ತಲು ಒಳಗೆ ಹೋದರು. ಹಳದಿ ವೈರು ಏರು ದಾರಿಗೆ ಅಡ್ಡ ಬಿದ್ದಿತ್ತು. ಸದ್ದು ನಿಂತದ್ದೇ ತಡ, ಇವನದು ಮುಗಿಯಿತು ಎಂದುಕೊಂಡು ಅತ್ತೆ ಕಸಬರಗಿ ಹಿಡಿದು ಇಳಿದರು.

ಧಪ್ ಎಂದು ಸದ್ದಾಯಿತು. ನಾನು ಕಿಟಕಿಗೆ ಹಾರಿದೆ. ಅತ್ತೆ ಬಲಮಗ್ಗುಲಾಗಿ ಬಿದ್ದಿದ್ದರು. ಹಳದಿ ವೈರು ಪಾದಕ್ಕೆ ಸುತ್ತಿಕೊಂಡಿತ್ತು. ನೋವಿನಿಂದ ಬಾಯಿ ತೆರೆದಿದ್ದರೂ ಕೂಗಲಿಲ್ಲ. ಮೊದಲು ಮಾಡಿದ ಕೆಲಸವೇನೆಂದರೆ, ಕೈಯಲ್ಲಿದ್ದ ಕಸಬರಗಿಯ ಹಿಡಿಯಿಂದ ಆ ವೈರನ್ನು ಪಾದದಿಂದ ಬಿಡಿಸಿ ದೂರ ನೂಕಿದರು. ಆಮೇಲೆ "ಅಯ್ಯೋ ಶಿವನೇ" ಎಂದರು. ಇವರು ಓಡಿ ಬಂದರು.

"ಎಲಿ ಮ್ಯಾಲೆ ಕಾಲಿಟ್ಟೆ, ಜಾರಿತು" ಎಂದರು ಅತ್ತೆ, ಮಗನ ಮುಖ ನೋಡದೆ. ನಾನು ಓಡಿ ಹೋಗಿ ಅವರ ತಲೆಗೆ ಆಸರೆ ಕೊಟ್ಟೆ.

ಪಕ್ಕದ ಮೆಕ್ಯಾನಿಕ್ಕ ತನ್ನ ವ್ಯಾನು ತಂದ. ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಚಪ್ಪೆಯ ಎಲುಬು ಮುರಿದಿದೆ, ಇವತ್ತೇ ಹುಬ್ಬಳ್ಳಿಗೆ ಒಯ್ಯಿರಿ, ಆಪರೇಶನ್ ಆಗಬೇಕು ಎಂದು ಇಂಜಕ್ಷನ್ ಕೊಟ್ಟು ಕಳಿಸಿದರು. ಈ ವಯಸ್ಸಿಗೆ ಆಪರೇಶನ್ ತಡೆದುಕೊಳ್ಳುತ್ತಾರೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ಅಲ್ಲಿಯವರನ್ನೇ ಕೇಳಿರಿ ಎಂದರು. ನಾನು ಅತ್ತೆಯ ಜೊತೆ ಹೋಗುವುದು, ಇವರು ಮಿಲ್ಲಿನಲ್ಲಿ ರಜೆ ಹೇಳಿ ಸಂಜೆಯ ಬಸ್ಸಿಗೆ ಬರುವುದು ಎಂದಾಯಿತು. ಬಟ್ಟೆಬರೆ ತೆಗೆದುಕೊಳ್ಳಲು ವ್ಯಾನು ಮನೆಯ ಗೇಟಿನೊಳಗೆ ಬಂತು. ಅತ್ತೆ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿದ್ದರು. ನಾನು ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿ ಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ವ್ಯಾನು ಹಿಂದೆ ಸರಿಯಿತು. ನಮ್ಮ ಮನೆಯವರು ದಾರಿಯ ನಡುವೆ ನಿಂತಿದ್ದರು. ಬೆಳಿಗ್ಗೆ ಇಟ್ಟ ಯಂತ್ರ ಅಲ್ಲೇ ಬಿದ್ದಿತ್ತು, ಅರ್ಧ ದಾರಿಯ ಎಲೆ ಹಾಗೇ ಇತ್ತು. ಆ ಮನುಷ್ಯ ಏನು ಯೋಚಿಸಿದರೋ ದೇವರಿಗೇ ಗೊತ್ತು. ಅವರ ಕೈಗಳಿಗೆ ಏನಾದರೂ ಮಾಡುವುದು ಬೇಕಿತ್ತು, ಅಷ್ಟೇ. ಯಂತ್ರ ಎತ್ತಿ ಗುಂಡಿ ಒತ್ತಿದರು.

"ನಿಂದರಸೋ ವ್ಯಾನು!" ಎಂದು ಅತ್ತೆ ಚೀರಿದರು. ಇಂಜಕ್ಷನ್ ತೆಗೆದುಕೊಂಡು ಅರೆಗಣ್ಣಾಗಿ ಮಲಗಿದ್ದವರಿಗೆ ಆ ದನಿ ಎಲ್ಲಿಂದ ಬಂತೋ. ಮೆಕ್ಯಾನಿಕ್ಕ ಬ್ರೇಕು ಒತ್ತಿದ. ನಾನು ಕಿಟಕಿ ಇಳಿಸಿ ಕೈ ಬೀಸಿ ಯಂತ್ರ ಬಂದ್ ಮಾಡಿಸಿದೆ.

"ನಾ ಇನ್ನೂ ಗೇಟ ದಾಟಿಲ್ಲ," ಅಂದರು ಅತ್ತೆ. "ಆಗಲೇ ಬೆನ್ನ ಹಿಂದ ಕಸಾ ಹೊಡಿತಿ ಏನೋ ತಮ್ಮಾ? ನಾ ತಿರುಗಿ ಬರೂದು ಬ್ಯಾಡೇನು?"

ಇವರು ಕೊಳವೆ ಹಿಡಿದುಕೊಂಡು ನಿಂತೇ ಇದ್ದರು. ಇದು ಕಸಬರಗಿ ಅಲ್ಲವಲ್ಲ ಅವ್ವಾ ಎನ್ನಬಹುದಿತ್ತು. ಅನ್ನಲಿಲ್ಲ. ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟರು. ವ್ಯಾನು ಗೇಟು ದಾಟಿ ಹಳಿಯಾಳದ ರಸ್ತೆ ಹಿಡಿದ ಮೇಲೂ ನನಗೆ ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಅವರನ್ನು ನೋಡಿ ಅಯ್ಯೋ ಪಾಪ ಅನಿಸಿದ್ದೂ ನಿಂತಿರಲಿಲ್ಲ.

ಆಪರೇಶನ್ ಆಯಿತು. ಒಳಗೆ ರಾಡು ಹಾಕಿದರು. ಅತ್ತೆ ತಡೆದುಕೊಂಡರು. ನೋಡಲು ಬಂದವರೆಲ್ಲ ಹೇಗೆ ಬಿದ್ದಿರಿ ಎಂದು ಕೇಳುತ್ತಿದ್ದರು. "ಎಲಿ ಮ್ಯಾಲೆ ಕಾಲಿಟ್ಟೆ." ನರ್ಸಿಗೂ ಅದೇ, ಪಕ್ಕದ ಹಾಸಿಗೆಯವರಿಗೂ ಅದೇ. ನಮ್ಮ ಮನೆಯವರು ಬಂದು ಆಪರೇಶನ್ ಮುಗಿಯುವ ತನಕ ಇದ್ದು, ರಜೆ ಸಾಲದೆ ಊರಿಗೆ ಹೋಗುವುದು, ಬರುವುದು ಮಾಡುತ್ತಿದ್ದರು. ಒಮ್ಮೆ ಫೋನಿನಲ್ಲಿ, "ಎಲಿನೋ, ವೈರೋ?" ಎಂದು ಕೇಳಿದರು. "ಅತ್ತಿ ಎಲಿ ಅಂತಾರ್ರಿ" ಅಂದೆ. ಅವರು ಫೋನು ಇಟ್ಟುಬಿಟ್ಟರು.

ವಾಕರು ಹಿಡಿದು ನಾಲ್ಕು ಹೆಜ್ಜೆ ಹಾಕಿಸಿದ ಮೇಲೆ ಮನೆಗೆ ಕಳಿಸಿದರು. ಮತ್ತೆ ಅದೇ ವ್ಯಾನು. ನಮ್ಮ ಗೇಟಿಗೆ ಬಂದು ನೋಡುತ್ತೇನೆ, ದಾರಿಯೇ ಕಾಣುವುದಿಲ್ಲ! ಗೇಟಿನಿಂದ ಪೋರ್ಚಿನವರೆಗೆ ಎಲೆಯೇ ಎಲೆ, ಪಾದ ಮುಳುಗುವಷ್ಟು. ವ್ಯಾನಿನ ಗಾಲಿಯ ಕೆಳಗೆ ಹಪ್ಪಳದ ಹಾಗೆ ಮುರಿದವು. ನಾನು ವ್ಯಾನು ನಿಲ್ಲುವುದರೊಳಗೆ ಹೊರಗೆ ಹಾರಿದೆ.

"ಏನ್ರಿ ಇದು? ಕಾಲ ಮುರಕೊಂಡವರು ಮನಿಗೆ ಬರಾಕತ್ತಾರ, ಇಷ್ಟ ಎಲಿ ಬಿಟ್ಟೀರಿ? ಬ್ಯಾಡಾದಾಗ ದಿನಾ ಗುಂಯ್ ಅನ್ನಸ್ತಿದ್ದಿರಿ, ಇವತ್ತ ಏನಾಗಿತ್ತು ನಿಮಗ?"

ನಮ್ಮ ಮನೆಯವರು ಪೋರ್ಚಿನ ಕಂಬದ ಹತ್ತಿರ ನಿಂತಿದ್ದರು. "ಅವ್ವ ಹೊಡೀಬ್ಯಾಡ ಅಂದಿದ್ಲಲ್ಲ."

"ಅದು ಹೋಗೂ ದಿನಾ ಅಂದದ್ರಿ!"

"ತಿರುಗಿ ಬರೂತನಕ ಅಂತ ನಾ ತಿಳಕೊಂಡೆ" ಎಂದರು ಅವರು.

"ನಮ್ ಮನ್ಯಾಕಿ ಹೊಡಿತೀನಿ ಅಂದ್ರೂ ಬಿಡಲಿಲ್ಲ ಭಾಭಿ," ಅಂದ ಮೆಕ್ಯಾನಿಕ್ಕ ಸ್ಟೇರಿಂಗಿನ ಹಿಂದಿನಿಂದ. "ಅಮ್ಮಾ ಬರೂತನಕ ಯಾರೂ ಕಸಬರಗಿ ಮುಟ್ಟಬಾರದು ಅಂದ್ರು."

ಅತ್ತೆ ವ್ಯಾನಿನ ಸೀಟಿನಲ್ಲಿ ಕೂತು ತೆರೆದ ಬಾಗಿಲಿನಿಂದ ಆ ಎಲೆಗಳನ್ನು ಬಹಳ ಹೊತ್ತು ನೋಡಿದರು. ಅಷ್ಟು ವರ್ಷಗಳಲ್ಲಿ ಅವರ ಬಾಗಿಲ ಮುಂದೆ ಒಂದು ದಿನದ ಕಸವೂ ಉಳಿದದ್ದಿಲ್ಲ.

"ಹಾಳಬಿದ್ದ ಮನಿ ಮಾಡಿ ಇಟ್ಟಾನ" ಅಂದರು. ಸೆರಗಿನಿಂದ ಮೂಗು ಒರೆಸಿಕೊಂಡರು. "ನಾ ಬಂದೇನಲ್ಲ. ಹಚ್ಚ ಈಗ."

ಇವರು ಯಂತ್ರ ತಂದರು. ಆಗ ನೋಡಿದೆ, ಹಳದಿ ವೈರು ನೆಲದ ಮೇಲೆ ಇರಲಿಲ್ಲ. ಕಂಪೌಂಡ್ ಗೋಡೆಗೆ ಉದ್ದಕ್ಕೂ ಕೊಕ್ಕೆ ಬಡಿದು, ತಲೆಯ ಎತ್ತರದಲ್ಲಿ ಗೇಟಿನ ತನಕ ಒಯ್ದಿದ್ದರು. ನಾವಿಲ್ಲದಾಗ ಕೂತು ಮಾಡಿದ ರಿಪೇರಿ ಅದು. ಅತ್ತೆಯೂ ನೋಡಿದರು. ಒಂದೊಂದೇ ಕೊಕ್ಕೆಯನ್ನು ಗೇಟಿನವರೆಗೆ ನೋಡಿದರು.

"ನಾ ಎಲಿ ಮ್ಯಾಲೆ ಜಾರಿ ಬಿದ್ನಿ ಅಂತ ಹೇಳಿದ್ನಲ್ಲೋ. ವೈರ ಯಾಕ ಮ್ಯಾಲ ಕಟ್ಟಿದಿ?"

ಮಗ ಕೊಳವೆಯನ್ನು ಎಲೆಗಳ ಕಡೆ ತಿರುಗಿಸಿದರು. ಗುಂಡಿ ಒತ್ತಿದರು. ನಾಯಿಗಳು ಬೊಗಳಿದವು, ಪಕ್ಕದವಳು ಓಡಿ ಹೋಗಿ ತನ್ನ ಬಾಗಿಲು ಹಾಕಿಕೊಂಡಳು. ಎರಡು ಎಲೆ ಹಾರಿ ಬಂದು ವ್ಯಾನಿನೊಳಗೆ ಅತ್ತೆಯ ಮಡಿಲಲ್ಲಿ ಬಿದ್ದವು. "ಬಾಗಲದ ಕಡೆಯಿಂದ ಹೊಡಿಯೋ, ಬಾಗಲದ ಕಡೆಯಿಂದ! ಎಷ್ಟ ಸಲ ಹೇಳಬೇಕು!" ಎಂದು ಅವರು ಅಲ್ಲಿಂದಲೇ ಕೂಗಿದರು. ಆ ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ, ಹತ್ತಿರ ಇದ್ದ ನನ್ನೊಬ್ಬಳನ್ನು ಬಿಟ್ಟು.

ದಾರಿ ತೆರವಾದ ಮೇಲೆ ಮೆಕ್ಯಾನಿಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅತ್ತೆಯನ್ನು ಇಳಿಸಿದೆವು. ವಾಕರು ಊರುತ್ತ ಮೇಲೆ ಹತ್ತಿದರು. ಹೊಸ್ತಿಲ ಹತ್ತಿರ ನಿಂತು ಉಸಿರು ತೆಗೆದುಕೊಂಡರು. ಕಸಬರಗಿ ಕೇಳುತ್ತಾರೆ ಎಂದು ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಯಂತ್ರವನ್ನು ಎಂದಿನ ಹಾಗೆ ಪೋರ್ಚಿನ ಮೊಳೆಗೆ ತೂಗುಹಾಕಲು ಕೈ ಎತ್ತಿದರು.

"ಅಲ್ಲೆ ಯಾಕ ತೂಗ ಹಾಕ್ತಿ, ಬಂದವರ ಕಣ್ಣಿಗೆ ಬೀಳೂಹಂಗ?" ಅಂದರು ಅತ್ತೆ. "ಬಾಗಲ ಹಿಂದ ಮಲಗಿಸಿ ಇಡು. ಯಾರರೆ ಕಾಲ ತಾಗಿಸ್ಯಾರು."